ಸೋಂಗ್‌ಕ್ರಾನ್ ಹಬ್ಬ ತಿಂಗಳಿಡೀ ನಡೆಯಬೇಕೆ? ಥಾಯ್ಲೆಂಡ್‌ನಲ್ಲಿರುವ ಕನ್ನಡಿಗರ ಚರ್ಚೆ

ಸಿಲೋಂ ನಿವಾಸಿ (10 ಡಿಸೆಂಬರ್ 2023)

ಎಲ್ಲ ಸದಸ್ಯರಿಗೂ ನಮಸ್ಕಾರ. ಈ ತಿಂಗಳ ಆರಂಭದಲ್ಲಿ ಬಂದ ಸುದ್ದಿಯನ್ನು ನೀವೆಲ್ಲರೂ ಓದಿರುತ್ತೀರಿ. ಫ್ಯೂ ಥಾಯ್ ಪಕ್ಷದ ನಾಯಕಿಯೂ ಸಾಫ್ಟ್ ಪವರ್ (ಸಂಸ್ಕೃತಿಯ ಮೂಲಕ ದೇಶದ ಪ್ರಭಾವ ಹೆಚ್ಚಿಸುವ) ರಾಷ್ಟ್ರೀಯ ಸಮಿತಿಯ ಉಪಾಧ್ಯಕ್ಷೆಯೂ ಆಗಿರುವ ಪೆತೊಂಗ್‌ತಾರ್ನ್ ಶಿನಾವತ್ರ ಅವರು, ಏಪ್ರಿಲ್ 13ರಿಂದ 15ರವರೆಗೆ ನೀರೆರಚಾಡುತ್ತಾ ನಡೆಯುವ, ಥಾಯ್ ಹೊಸವರ್ಷದ ಸೋಂಗ್‌ಕ್ರಾನ್ ಹಬ್ಬವನ್ನು 2024ರಲ್ಲಿ ತಿಂಗಳಿಡೀ, ಎಲ್ಲ 77 ಪ್ರಾಂತ್ಯಗಳಲ್ಲಿಯೂ ಆಚರಿಸುವ ಯೋಜನೆಯನ್ನು ಪ್ರಕಟಿಸಿದ್ದಾರೆ. ಇದರಿಂದ 3,500 ಕೋಟಿ ಬಾತ್ ವರಮಾನ ಬರಬಹುದೆಂಬುದು ಸರ್ಕಾರದ ನಿರೀಕ್ಷೆ. ಅದರ ಬೆನ್ನಲ್ಲೇ ಡಿಸೆಂಬರ್ 6ರಂದು ಯುನೆಸ್ಕೋ ಈ ಹಬ್ಬವನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪ್ರಾತಿನಿಧಿಕ ಪಟ್ಟಿಗೆ ಸೇರಿಸಿದೆ. ಎರಡು ಸುದ್ದಿಗಳೂ ಒಂದೇ ವಾರದಲ್ಲಿ ಬಂದುದರಿಂದ ಹಲವರು ಅವನ್ನು ಒಂದೇ ಎಂದು ತಿಳಿದಿದ್ದಾರೆ. ಯುನೆಸ್ಕೋ ಮನ್ನಣೆ ಕೊಟ್ಟಿರುವುದು ಹಿರಿಯರಿಗೆ ನೀರೆರೆದು ಆಶೀರ್ವಾದ ಪಡೆಯುವ, ಬುದ್ಧನ ವಿಗ್ರಹಕ್ಕೆ ಸ್ನಾನ ಮಾಡಿಸುವ, ಊರಿಗೆ ಮರಳುವ ಆಚರಣೆಗೆ. ಹಬ್ಬವನ್ನು ಚಾಚುವ ನಿರ್ಧಾರ ಸರ್ಕಾರದ್ದು ಮಾತ್ರ.

ನಮ್ಮ ಕಚೇರಿಯಲ್ಲಿ ಜಪಾನಿನವರು, ಜರ್ಮನರು, ಬ್ರಿಟಿಷರು ಮತ್ತು ನಾವು ಕೆಲವು ಭಾರತೀಯರು ಇದ್ದೇವೆ. ಸುದ್ದಿ ಬಂದ ದಿನ ಊಟದ ವೇಳೆಯಲ್ಲಿ ನಡೆದ ಮಾತೆಲ್ಲ ಬಹುತೇಕ ಒಂದೇ ದಿಕ್ಕಿನಲ್ಲಿತ್ತು. ಹಳಬರು ಪ್ರತಿ ವರ್ಷ ಆ ವಾರ ದೇಶ ಬಿಟ್ಟು ಹೋಗುತ್ತಿದ್ದರು, ಈಗ ಇಡೀ ತಿಂಗಳು ಎಲ್ಲಿಗೆ ಹೋಗುವುದು ಎಂದು ಕೇಳಿದರು. ಬೈಕಿನಲ್ಲಿ ಹೋಗುವಾಗ ಮುಖಕ್ಕೆ ಬಕೆಟ್ ನೀರು ಬೀಳುವುದನ್ನು ಒಬ್ಬರು ನೆನೆದರೆ, ವಲಸೆ ಕಚೇರಿ ಮತ್ತು ಬ್ಯಾಂಕುಗಳು ಮುಚ್ಚಿರುವ ದಿನಗಳ ಲೆಕ್ಕವನ್ನು ಇನ್ನೊಬ್ಬರು ಹಾಕಿದರು. ನಮ್ಮ ವಿಭಾಗದ ಥಾಯ್ ಸಹೋದ್ಯೋಗಿಗಳು ಅದೇ ಮೇಜಿನಲ್ಲಿದ್ದರು. ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ಮತ್ತು ನನಗೆ ಬೇಸರವಾದದ್ದು ಅದಕ್ಕೇ.

ತಿಂಗಳಿಡೀ ನೀರೆರಚುವುದಿಲ್ಲ, ಬೇರೆ ಬೇರೆ ಪ್ರಾಂತ್ಯಗಳಲ್ಲಿ ಬೇರೆ ಬೇರೆ ದಿನ ಕಾರ್ಯಕ್ರಮಗಳು ಇರುತ್ತವೆ ಎಂಬ ಸ್ಪಷ್ಟನೆಯೂ ಬಂದಿದೆ. ಆದ್ದರಿಂದ ಕೇವಲ ಮೈ ಒದ್ದೆಯಾಗುವ ಭಯವನ್ನು ಪಕ್ಕಕ್ಕಿಟ್ಟು, ಈ ದೇಶದಲ್ಲಿ ದುಡಿದು ಬದುಕುತ್ತಿರುವ ನಾವು ಇದನ್ನು ಹೇಗೆ ನೋಡಬೇಕು ಎಂಬುದನ್ನು ಇಲ್ಲಿ ಚರ್ಚಿಸೋಣ. ಅನುಭವವಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ರಯೋಂಗ್ ಎಂಜಿನಿಯರ್ (10 ಡಿಸೆಂಬರ್ 2023)

ಸಿಲೋಂ ನಿವಾಸಿಯವರೇ, ವಿದೇಶಿಯರ ದೂರುಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ವಲಸೆ ಕಚೇರಿ ಮುಚ್ಚಿರುತ್ತದೆ ಎನ್ನುವುದು ದೂರೇ ಅಲ್ಲ. ವಿದೇಶಿಯರು ತಮ್ಮ ವಿಳಾಸವನ್ನು ವಲಸೆ ಕಚೇರಿಗೆ ತಿಳಿಸುವ ತೊಂಬತ್ತು ದಿನಗಳ ವರದಿಯನ್ನು ಗಡುವಿಗೆ ಹದಿನೈದು ದಿನ ಮುಂಚಿತವಾಗಿಯೂ, ಗಡುವು ಕಳೆದು ಏಳು ದಿನಗಳವರೆಗೂ ಸಲ್ಲಿಸಲು ಅವಕಾಶವಿದೆ. ಹಬ್ಬದ ತಾರೀಕುಗಳು ವರ್ಷದ ಮೊದಲ ದಿನವೇ ಗೊತ್ತಿರುವಾಗ ಅದನ್ನು ನೆಪ ಮಾಡಿಕೊಳ್ಳಬಾರದು.

ಆದರೆ ರಸ್ತೆಯ ಮಾತು ಹಾಗಲ್ಲ. ಈ ದೇಶ ತಾನೇ 'ಏಳು ಅಪಾಯಕಾರಿ ದಿನಗಳು' ಎಂದು ಹೆಸರಿಟ್ಟು ಸೋಂಗ್‌ಕ್ರಾನ್ ವಾರದ ಸಾವುಗಳನ್ನು ದಿನದಿನವೂ ಪ್ರಕಟಿಸುತ್ತದೆ. ಈ ವರ್ಷದ ಏಪ್ರಿಲ್ 11ರಿಂದ 17ರವರೆಗೆ 264 ಮಂದಿ ಸತ್ತರು. ಅಪಘಾತಕ್ಕೀಡಾದ ವಾಹನಗಳಲ್ಲಿ ಪ್ರತಿ ವರ್ಷವೂ ಬೈಕುಗಳದ್ದೇ ಬಹುಪಾಲು, ಕಾರಣಗಳಲ್ಲಿ ಅತಿವೇಗ ಮತ್ತು ಮದ್ಯಪಾನವೇ ಮುಂದು. ವಿಶ್ವ ಆರೋಗ್ಯ ಸಂಸ್ಥೆಯ 2018ರ ವರದಿಯಲ್ಲಿ ಥಾಯ್ಲೆಂಡಿನ ರಸ್ತೆ ಸಾವಿನ ಪ್ರಮಾಣ ಲಕ್ಷಕ್ಕೆ 32.7 ಎಂದಿತ್ತು, ಆಗ್ನೇಯ ಏಷ್ಯಾದಲ್ಲಿ ಅಷ್ಟು ಹೆಚ್ಚು ಬೇರೆಲ್ಲೂ ಇರಲಿಲ್ಲ. ಈ ಹಿನ್ನೆಲೆಯಲ್ಲಿ ಹಬ್ಬದ ವಾತಾವರಣವನ್ನು, ಅಂದರೆ ಕುಡಿತ ಮತ್ತು ರಾತ್ರಿಯ ಪ್ರಯಾಣವನ್ನು, ಇಡೀ ತಿಂಗಳಿಗೆ ಎಳೆಯುತ್ತೇವೆ ಎಂದರೆ ತಪಾಸಣೆಗೆ ನಿಲ್ಲುವ ಪೊಲೀಸರೂ ಆಂಬುಲೆನ್ಸ್ ಸಿಬ್ಬಂದಿಯೂ ಅಷ್ಟು ದಿನ ಎಚ್ಚರವಾಗಿರಬೇಕಲ್ಲವೇ?

ನಮ್ಮದು ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆ. ಸೋಂಗ್‌ಕ್ರಾನ್‌ನಲ್ಲಿ ಉತ್ಪಾದನೆ ನಿಲ್ಲಿಸಿ ಯಂತ್ರಗಳ ವಾರ್ಷಿಕ ದುರಸ್ತಿ ಮಾಡುತ್ತೇವೆ. ರಜೆ ಮುಗಿದ ಬೆಳಿಗ್ಗೆ ಪಾಳಿಯ ಹಾಜರಿಯನ್ನು ಕೂಗುವಾಗ ಎಲ್ಲರೂ ಬಂದಿದ್ದಾರೆಯೇ ಎಂದು ನೋಡುವ ಆತಂಕ ಎಂಥದೆಂದು ಇಲ್ಲಿನ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತು. ನಾನು ಈ ಯೋಜನೆಯನ್ನು ವಿರೋಧಿಸುತ್ತೇನೆ, ಮತ್ತು ನನ್ನ ಥಾಯ್ ಮೇಲ್ವಿಚಾರಕರಲ್ಲಿ ಹಲವರು ಕೂಡ ಇದನ್ನೇ ಹೇಳುತ್ತಾರೆ.

ಈಸಾನ್ ಅಳಿಯ (11 ಡಿಸೆಂಬರ್ 2023)

ನಾನು ಹಾಸನ ಜಿಲ್ಲೆಯವನು. ನನ್ನ ಹೆಂಡತಿಯ ಊರು ಈಸಾನ್, ಅಂದರೆ ಈಶಾನ್ಯ ಥಾಯ್ಲೆಂಡಿನ, ಖೋನ್ ಕೇನ್ ಪ್ರಾಂತ್ಯದ ಒಂದು ಹಳ್ಳಿ. ಬ್ಯಾಂಕಾಕಿನ ಸಿಲೋಂ, ಖಾವೋ ಸಾನ್ ರಸ್ತೆಗಳಲ್ಲಿ ಮಾತ್ರ ಈ ಹಬ್ಬವನ್ನು ಕಂಡವರಿಗೆ ಹಳ್ಳಿಯ ಸೋಂಗ್‌ಕ್ರಾನ್ ಅದೇ ಹಬ್ಬವೆಂದು ಗುರುತು ಹತ್ತುವುದೂ ಕಷ್ಟ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹದಿಮೂರರ ಬೆಳಿಗ್ಗೆ ಮನೆ ಗುಡಿಸಿ ತೊಳೆದು, ಅಡುಗೆ ಮಾಡಿ, ದೇವಾಲಯಕ್ಕೆ ಹೋಗಿ ಭಿಕ್ಷುಗಳಿಗೆ ಅನ್ನ ನೀಡುತ್ತಾರೆ. ಬುದ್ಧನ ವಿಗ್ರಹವನ್ನು ಹೊರಗೆ ತಂದಿರಿಸಿರುತ್ತಾರೆ, ಹೂವಿನ ಪಕಳೆ ಮತ್ತು ಸುಗಂಧ ಬೆರೆಸಿದ ನೀರನ್ನು ಸರದಿಯಂತೆ ಒಬ್ಬೊಬ್ಬರೂ ಅದರ ಮೇಲೆ ಹನಿಸುತ್ತಾರೆ. ಮಕ್ಕಳು ಅಂಗಳದಲ್ಲಿ ಮರಳಿನ ಚೇದಿ (ಸ್ತೂಪ) ಕಟ್ಟಿ ಬಣ್ಣದ ಕಾಗದದ ಬಾವುಟ ಚುಚ್ಚುತ್ತಾರೆ. ವರ್ಷವಿಡೀ ಕಾಲಿಗಂಟಿಕೊಂಡು ದೇವಾಲಯದಿಂದ ಹೊರಗೆ ಹೋದ ಮಣ್ಣನ್ನು ಹಿಂದಿರುಗಿಸುವುದು ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ತೀರಿಹೋದ ಹಿರಿಯರ ಅಸ್ಥಿ ಇಟ್ಟಿರುವ ಸ್ತೂಪಗಳ ಬಳಿ ಭಿಕ್ಷುಗಳಿಂದ ಪಠಣ ಮಾಡಿಸುವುದೂ ಈ ದಿನಗಳಲ್ಲಿಯೇ. ಆಮೇಲೆ ಮನೆಯ ಹಿರಿಯರನ್ನು ಕೂರಿಸಿ, ಅವರ ಅಂಗೈಗೆ ನೀರೆರೆದು, ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳಿ ಆಶೀರ್ವಾದ ಪಡೆಯುವುದು. ಇದಕ್ಕೆ ರೊತ್ ನಾಮ್ ದಮ್ ಹುವಾ ಎನ್ನುತ್ತಾರೆ. ಏಪ್ರಿಲ್ 13ನ್ನು ಸರ್ಕಾರ ಹಿರಿಯರ ದಿನವೆಂದೂ 14ನ್ನು ಕುಟುಂಬದ ದಿನವೆಂದೂ ಆಚರಿಸುವುದು ಸುಮ್ಮನೆ ಅಲ್ಲ. ಇಷ್ಟೆಲ್ಲ ಆದ ಮೇಲೆ ಮಕ್ಕಳು ಬೀದಿಗಿಳಿದು ನೀರೆರಚಾಡುತ್ತಾರೆ, ಸಂಜೆಯ ಹೊತ್ತಿಗೆ ದೊಡ್ಡವರೂ ಸೇರುತ್ತಾರೆ.

ಈಗ ಮುಖ್ಯ ಸಂಗತಿ. ಈ ಹಬ್ಬ ನಡೆಯಬೇಕಾದರೆ ಮಕ್ಕಳು ಊರಿಗೆ ಬರಬೇಕು. ಈಸಾನಿನ ಹಳ್ಳಿಗಳಲ್ಲಿ ವರ್ಷದ ಉಳಿದ ದಿನಗಳಲ್ಲಿ ಮುದುಕರು ಮತ್ತು ಮೊಮ್ಮಕ್ಕಳು ಮಾತ್ರ ಇರುತ್ತಾರೆ. ನಡುವಿನ ತಲೆಮಾರೆಲ್ಲ ಬ್ಯಾಂಕಾಕ್, ರಯೋಂಗ್, ಪಟ್ಟಾಯ, ಫುಕೆಟ್‌ಗಳಲ್ಲಿ ದುಡಿಯುತ್ತಿರುತ್ತದೆ. ಹಾಗೆ ದುಡಿಯುವವರಲ್ಲಿ ಅನೇಕರು ಹೋಟೆಲಿನ ಕೋಣೆ ಗುಡಿಸುವವರು, ಅಡುಗೆಯವರು, ಟ್ಯಾಕ್ಸಿ ಓಡಿಸುವವರು, ಮಸಾಜ್ ಮಾಡುವವರು. ಪ್ರವಾಸಿಗರಿಗಾಗಿ ಹಬ್ಬವನ್ನು ತಿಂಗಳಿಡೀ ಚಾಚಿದರೆ ಆ ತಿಂಗಳಿಡೀ ನಗರದಲ್ಲಿ ಉಳಿಯಬೇಕಾದವರು ಇವರೇ. ಚಾಚುತ್ತಿರುವುದು ಕಾರ್ಯಕ್ರಮಗಳನ್ನು, ರಜೆಯನ್ನಲ್ಲ. ನನ್ನ ಆಕ್ಷೇಪವೆಲ್ಲ ಇಷ್ಟೇ. ಸರ್ಕಾರ ರಜೆಯನ್ನು ಒಂದು ವಾರಕ್ಕೆ ಚಾಚಿ ನೀರೆರಚಾಟವನ್ನು ಎರಡೇ ದಿನಕ್ಕೆ ಇಳಿಸಿದ್ದರೆ ನಾನು ಅದನ್ನು ಹಬ್ಬದ ವಿಸ್ತರಣೆ ಎಂದು ಒಪ್ಪುತ್ತಿದ್ದೆ.

ರಯೋಂಗ್ ಎಂಜಿನಿಯರ್ ಅವರು ಹೇಳಿದ ರಸ್ತೆಯ ಅಪಾಯಕ್ಕೂ ಇದಕ್ಕೂ ಸಂಬಂಧವಿದೆ. ಬ್ಯಾಂಕಾಕ್ ಕಡೆಯಿಂದ ಈಸಾನಿಗೆ ಹೋಗುವ ಮಿತ್ತ್ರಫಾಪ್ ರಸ್ತೆಯಲ್ಲಿ ಕೋರಾಟ್ ನಗರ ದಾಟುವವರೆಗೆ ಸಾಲುಗಟ್ಟಿ ತೆವಳುವ ವಾಹನಗಳಲ್ಲಿ ಇರುವವರಿಗೆ ಒಂದೇ ರಾತ್ರಿಯಲ್ಲಿ ಊರು ಸೇರಬೇಕು, ಇನ್ನೊಂದೇ ರಾತ್ರಿಯಲ್ಲಿ ಹಿಂದಿರುಗಬೇಕು ಎಂಬ ಅವಸರವಿರುತ್ತದೆ. ರಜೆ ಉದ್ದವಾದರೆ ಆ ಅವಸರ ಕಡಿಮೆಯಾಗುತ್ತದೆ, ನಿದ್ದೆಗೆಟ್ಟು ಓಡಿಸುವವರು ಕಡಿಮೆಯಾಗುತ್ತಾರೆ.

ಪಟ್ಟಾಯ ಹೋಟೆಲಿನವರು (11 ಡಿಸೆಂಬರ್ 2023)

ಈಸಾನ್ ಅಳಿಯ ಅವರ ಮಾತು ಮನಸ್ಸಿಗೆ ತಟ್ಟಿತು. ಆದರೂ ಉಪಾಹಾರಗೃಹ ನಡೆಸುವವನಾಗಿ ಇನ್ನೊಂದು ಕಡೆಯನ್ನೂ ಹೇಳಬೇಕು.

ಪಟ್ಟಾಯದಲ್ಲಿ ಹಬ್ಬ ಮೂರು ದಿನಕ್ಕೆ ಮುಗಿದದ್ದೇ ಇಲ್ಲ. ಬ್ಯಾಂಕಾಕಿನಲ್ಲಿ ಎಲ್ಲ ಮುಗಿದ ಮೇಲೆ ಇಲ್ಲಿ ವಾನ್ ಲಾಯ್ ಎಂಬ ಕೊನೆಯ ನೀರೆರಚಾಟದ ದಿನ ಬರುತ್ತದೆ: ನಾಕ್ಲುವಾದಲ್ಲಿ 18ರಂದು, ಪಟ್ಟಾಯದಲ್ಲಿ 19ರಂದು. ಅದಕ್ಕೂ ಮೊದಲು ಬಾಂಗ್ ಸೇನ್‌ನಲ್ಲಿ ನಡೆಯುತ್ತದೆ. ಬ್ಯಾಂಕಾಕಿನ ಪಕ್ಕದ ಫ್ರಾ ಪ್ರದೇಂಗ್‌ನಲ್ಲಿ ಮೋನ್ ಜನಾಂಗದವರು ತಮ್ಮ ಸೋಂಗ್‌ಕ್ರಾನ್ ಅನ್ನು ಒಂದು ವಾರ ತಡವಾಗಿ ಆಚರಿಸುತ್ತಾರೆ. ಅಂದರೆ ಊರಿಗೊಂದು ದಿನ ಎಂಬುದು ಹೊಸ ಕಲ್ಪನೆಯಲ್ಲ, ಇದ್ದದ್ದನ್ನೇ ಒಂದು ಪಟ್ಟಿಯಲ್ಲಿ ಜೋಡಿಸಿ ಹೊರದೇಶದವರಿಗೆ ತೋರಿಸಿದರೆ ತಪ್ಪೇನಿದೆ ಎಂಬುದು ನನ್ನ ಪ್ರಶ್ನೆ. ಒಂದೇ ವಾರದಲ್ಲಿ ಎಲ್ಲರೂ ಒಂದೇ ಬೀದಿಗೆ ನುಗ್ಗುವುದಕ್ಕಿಂತ ಹಂಚಿಹೋದರೆ ಒಳ್ಳೆಯದೇ.

2020ರಿಂದ 2022ರವರೆಗೆ ಕೋವಿಡ್ ಕಾರಣಕ್ಕೆ ನೀರೆರಚುವುದೇ ನಿಷಿದ್ಧವಾಗಿತ್ತು. 2020ರಲ್ಲಂತೂ ರಜೆಯನ್ನೇ ಮುಂದೂಡಿದರು. ಆ ವರ್ಷಗಳಲ್ಲಿ ಬೀಚ್ ರಸ್ತೆಯಲ್ಲಿ ಬಾಗಿಲು ಮುಚ್ಚಿದ ಅಂಗಡಿಗಳ ಎದುರು ನಡೆದುಹೋದವರಿಗೆ, ಇಲ್ಲಿನ ಜನ ಪ್ರವಾಸಿಗರನ್ನು ಏಕೆ ಇಷ್ಟು ಆತುರದಿಂದ ಕರೆಯುತ್ತಾರೆಂದು ಅರ್ಥವಾಗುತ್ತದೆ. ನಮ್ಮಲ್ಲಿ ಕೆಲಸ ಮಾಡುತ್ತಿದ್ದವರು ಆಗ ಊರಿಗೆ ಹೋದರು, ನಿಜ. ಆದರೆ ಸಂಬಳವಿಲ್ಲದೆ ಹೋದರು.

ಚಿಯಾಂಗ್ ಮಾಯ್ ಅಧ್ಯಾಪಕಿ (13 ಡಿಸೆಂಬರ್ 2023)

ಇಲ್ಲಿಯವರೆಗಿನ ಚರ್ಚೆಯಲ್ಲಿ ಉತ್ತರದ ಮಾತು ಬಂದಿಲ್ಲ, ಹೆಂಗಸರ ಮಾತೂ ಬಂದಿಲ್ಲ.

ಏಪ್ರಿಲ್ ಎಂದರೆ ಚಿಯಾಂಗ್ ಮಾಯ್‌ನಲ್ಲಿ ಹೊಗೆಯ ತಿಂಗಳು. ಕಾಡಿನ ಬೆಂಕಿ, ಹೊಲದ ಕೂಳೆಗೆ ಇಟ್ಟ ಬೆಂಕಿ, ಗಡಿಯಾಚೆಯ ಮ್ಯಾನ್ಮಾರ್ ಮತ್ತು ಲಾವೋಸ್‌ಗಳಿಂದ ಬರುವ ಹೊಗೆ ಎಲ್ಲವೂ ಸೇರಿ ಕಣಿವೆಯಲ್ಲಿ ನಿಂತುಬಿಡುತ್ತವೆ. ಈ ವರ್ಷ ಮಾರ್ಚ್, ಏಪ್ರಿಲ್‌ನಲ್ಲಿ ಜಗತ್ತಿನ ಅತಿ ಕಲುಷಿತ ನಗರಗಳ ಪಟ್ಟಿಯಲ್ಲಿ ನಮ್ಮ ಊರು ಮತ್ತೆ ಮತ್ತೆ ಮೊದಲ ಸ್ಥಾನಕ್ಕೆ ಬಂದಿತ್ತು. ಸೆಕೆಯ ವಿಚಾರ ಹೇಳಬೇಕಾಗಿಯೇ ಇಲ್ಲ. ಏಪ್ರಿಲ್ ಮಧ್ಯದಲ್ಲಿ ತಾಕ್ ಪ್ರಾಂತ್ಯದಲ್ಲಿ 45.4 ಡಿಗ್ರಿ ದಾಖಲಾಯಿತು. ಇಂಥ ತಿಂಗಳಲ್ಲಿ ಹೆಚ್ಚು ದಿನ ಹೊರಗೆ ಇರಿ ಎಂದು ಜನರನ್ನು, ಅದರಲ್ಲೂ ಮಕ್ಕಳನ್ನು ಕರೆಯುವ ಮುನ್ನ ಗಾಳಿಯ ವಿಚಾರವನ್ನು ಯೋಚಿಸಬೇಕಿತ್ತು.

ಇನ್ನೊಂದು ಮಾತನ್ನು ನೇರವಾಗಿಯೇ ಹೇಳುತ್ತೇನೆ. ಹಳೆಯ ನಗರದ ಕಂದಕದ ಸುತ್ತ, ಥಾ ಫೆ ದ್ವಾರದ ಬಳಿ ಹದಿಮೂರಕ್ಕೆ ಮುಂಚೆಯೇ ನೀರಿನ ಬಂದೂಕು ಹಿಡಿದು ನಿಲ್ಲುವವರಲ್ಲಿ ಹೊರದೇಶದವರು ಬಹಳ ಜನ. ಅದೇ ವಿದೇಶಿ ಸಮುದಾಯದ ಹಳಬರು ಹಬ್ಬ ಅತಿಯಾಯಿತು ಎಂದು ದೂರುತ್ತಾರೆ. ಥಾಯ್ ಜನರ ಸಂಸ್ಕೃತಿ ಕೆಟ್ಟಿತು ಎಂದು ಬರೆಯುವ ಮೊದಲು, ಅದನ್ನು ಯಾರ ಅಭಿರುಚಿಗಾಗಿ ಬದಲಿಸಲಾಯಿತು ಎಂದು ನಾವು ಹೊರಗಿನವರು ನಮ್ಮನ್ನೇ ಕೇಳಿಕೊಳ್ಳಬೇಕು.

ಹೆಂಗಸರ ಸುರಕ್ಷತೆಯ ವಿಷಯ. 2018ರಲ್ಲಿ ಅಧಿಕಾರಿಗಳು ಹಬ್ಬದಲ್ಲಿ ಮೈತುಂಬ ಬಟ್ಟೆ ಹಾಕಿಕೊಳ್ಳಿ ಎಂದು ಹೆಂಗಸರಿಗೆ ಬುದ್ಧಿ ಹೇಳಿದಾಗ, ರೂಪದರ್ಶಿ ಸಿಂಡಿ ಸಿರಿನ್ಯಾ ಬಿಷಪ್ ಅವರು, ನಾವು ಏನು ಉಡಬೇಕೆಂದು ಹೇಳಬೇಡಿ ಎಂಬ ಅಭಿಯಾನ ಆರಂಭಿಸಿದರು. ತಮಗೂ ಸೋಂಗ್‌ಕ್ರಾನ್ ಗುಂಪಿನಲ್ಲಿ ಕಿರುಕುಳವಾಗಿತ್ತೆಂದು ಅವರು ಬಹಿರಂಗವಾಗಿ ಹೇಳಿದ್ದರು. ಗುಂಪಿನಲ್ಲಿ ಮುಖಕ್ಕೆ ದಿನ್ ಸೋ ಫೋಂಗ್ ಹಚ್ಚುವ ನೆಪದಲ್ಲಿ ಕೈ ಎಲ್ಲೆಲ್ಲಿಗೋ ಹೋಗುತ್ತದೆ. ಬಿಳಿಯ ಸುಣ್ಣದಂಥ ಈ ಲೇಪ ಮೂಲತಃ ತಂಪಿಗಾಗಿ ಮತ್ತು ಶುಭಕ್ಕಾಗಿ ಹಚ್ಚುವಂಥದ್ದು. ಹಬ್ಬದ ದಿನಗಳು ಹೆಚ್ಚಾದಷ್ಟೂ ನನ್ನ ವಿದ್ಯಾರ್ಥಿನಿಯರು ಬೀದಿಯಲ್ಲಿ ಎಚ್ಚರವಾಗಿರಬೇಕಾದ ದಿನಗಳೂ ಹೆಚ್ಚುತ್ತವೆ. ಕಾರ್ಯಕ್ರಮಗಳಿಗೆ ಹಣ ಸುರಿಯುವ ಸರ್ಕಾರ ಪ್ರತಿ ಬೀದಿಯಲ್ಲಿ ಮಹಿಳಾ ಪೊಲೀಸರನ್ನೂ ದೂರು ಸ್ವೀಕರಿಸುವ ಮೇಜನ್ನೂ ಇಡಲಿ. ಅದಾದ ಮೇಲೆ ದಿನಗಳ ಮಾತು ಆಡಬಹುದು.

ಸಿಲೋಂ ನಿವಾಸಿ (13 ಡಿಸೆಂಬರ್ 2023)

ಅಧ್ಯಾಪಕಿಯವರೇ, ನಿಮ್ಮ ಪತ್ರವನ್ನು ಓದಿದ ಮೇಲೆ ನಮ್ಮ ಕಚೇರಿಯ ಥಾಯ್ ಸಹೋದ್ಯೋಗಿಗಳನ್ನು ಇವತ್ತು ನಾನೇ ಕೇಳಿದೆ. ನೀವು ಹೇಳಿದ ಕಾರಣಕ್ಕೇ ಸಿಲೋಂ ರಸ್ತೆಯಿಂದ ದೂರ ಇರುತ್ತೇವೆ ಎಂದು ಇಬ್ಬರು ಹೆಣ್ಣುಮಕ್ಕಳು ಹೇಳಿದರು. ಸಿಲೋಂನಲ್ಲಿ ಪುಡಿ ಮತ್ತು ಮದ್ಯಕ್ಕೆ ನಿಷೇಧವಿದೆ, ಆದರೆ ಅಷ್ಟು ಜನಸಂದಣಿಯಲ್ಲಿ ಅದನ್ನು ಕಾಯುವುದು ಸುಲಭವಲ್ಲ. ಮೂರನೆಯವರು ಉಬೋನ್ ಕಡೆಯವರು. ಹಬ್ಬ ಎಷ್ಟು ದಿನ ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ಮೋ ಚಿತ್ ನಿಲ್ದಾಣದಿಂದ ಹೊರಡುವ ಬಸ್ಸಿನ ಟಿಕೆಟ್ ಸಿಗುತ್ತದೆಯೇ ಎಂಬುದೊಂದೇ ಅವರ ಚಿಂತೆ.

ನೀರಿನ ಅಪವ್ಯಯದ ಬಗ್ಗೆಯೂ ವಿದೇಶಿಯರು ಬಹಳ ಬರೆಯುತ್ತಿದ್ದಾರೆ. ಈ ಬಾರಿ ಮಳೆ ಕಡಿಮೆ ಮಾಡುವ ಎಲ್ ನಿನೋ ಇರುವುದರಿಂದ ಆತಂಕ ಸಹಜ. ಆದರೆ ಈ ದೇಶದ ನೀರಿನಲ್ಲಿ ಬಹುಪಾಲು ಹೋಗುವುದು ಬೇಸಾಯಕ್ಕೆ. ಕೆಲವು ಬೀದಿಗಳಲ್ಲಿ ಎರಚುವ ನೀರು ಅದರ ಮುಂದೆ ಅತ್ಯಲ್ಪ. ನೀರಿನ ಹೆಸರಿನಲ್ಲಿ ಹಬ್ಬವನ್ನು ಟೀಕಿಸುವುದು ನ್ಯಾಯವಲ್ಲ ಎಂದೇ ನನಗೆ ಅನಿಸುತ್ತದೆ.

ಬ್ಯಾಂಕಾಕ್ ಲೆಕ್ಕಿಗ (14 ಡಿಸೆಂಬರ್ 2023)

ರಜೆಯ ಬಗ್ಗೆ ಈಸಾನ್ ಅಳಿಯ ಅವರು ಎತ್ತಿದ ವಿಷಯಕ್ಕೆ ಕಾನೂನಿನ ಹಿನ್ನೆಲೆಯನ್ನು ಸೇರಿಸುತ್ತೇನೆ. ಹಲವು ಸಣ್ಣ ಸಂಸ್ಥೆಗಳ ಸಂಬಳದ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ.

ಇಲ್ಲಿನ ಕಾರ್ಮಿಕ ರಕ್ಷಣಾ ಕಾಯ್ದೆಯಂತೆ ಪ್ರತಿ ಮಾಲೀಕನೂ ಕಾರ್ಮಿಕ ದಿನವೂ ಸೇರಿದಂತೆ ವರ್ಷಕ್ಕೆ ಕನಿಷ್ಠ 13 ಸಾಂಪ್ರದಾಯಿಕ ರಜೆಗಳನ್ನು ಸಂಬಳಸಹಿತ ಕೊಡಬೇಕು. ಸೋಂಗ್‌ಕ್ರಾನ್ ದಿನಗಳು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇರುತ್ತವೆ. ಹೋಟೆಲ್, ಉಪಾಹಾರಗೃಹ, ಮನರಂಜನಾ ಸ್ಥಳ ಮೊದಲಾದ, ಕೆಲಸ ನಿಲ್ಲಿಸಲಾಗದ ಉದ್ಯಮಗಳಲ್ಲಿ ಮಾಲೀಕ ಆ ರಜೆಗೆ ಬದಲಾಗಿ ಬೇರೊಂದು ದಿನ ಕೊಡಬಹುದು, ಇಲ್ಲವೇ ರಜೆಯ ದಿನದ ದುಡಿಮೆಗೆ ಹೆಚ್ಚುವರಿಯಾಗಿ ಕನಿಷ್ಠ ಒಂದು ದಿನದ ಕೂಲಿ ಕೊಡಬೇಕು. ಸಚಿವ ಸಂಪುಟ ಆಗಾಗ ಘೋಷಿಸುವ ವಿಶೇಷ ರಜೆ ಸರ್ಕಾರಿ ನೌಕರರಿಗೆ ಅನ್ವಯಿಸುತ್ತದೆ, ಖಾಸಗಿ ಮಾಲೀಕರಿಗೆ ಅದು ಅವರವರ ಇಚ್ಛೆ.

ಈಗ ಯೋಚಿಸಿ. ಹಬ್ಬದ ಕಾರ್ಯಕ್ರಮಗಳು ತಿಂಗಳಿಡೀ ನಡೆದರೂ ಹೆಚ್ಚುವರಿ ಕೂಲಿ ಸಿಗುವ ದಿನಗಳು ಮೊದಲಿದ್ದಷ್ಟೇ ಇರುತ್ತವೆ. ಉಳಿದ ದಿನಗಳಲ್ಲಿ ಕೆಲಸದ ಹೊರೆ ಹಬ್ಬದ್ದು, ಸಂಬಳ ಮಾತ್ರ ಮಾಮೂಲಿನದು. ಪಟ್ಟಾಯ ಹೋಟೆಲಿನವರು ಹೇಳಿದಂತೆ ದಿನಗಳು ಹಂಚಿಹೋದರೆ ಮಾಲೀಕನಿಗೆ ಲಾಭವೇ. ಆ ಲಾಭದಲ್ಲಿ ದುಡಿಯುವವರ ಪಾಲು ತಾನಾಗಿ ಬರುವುದಿಲ್ಲ.

ಉಡುಪಿಯ ಪ್ರವಾಸಿ (15 ಡಿಸೆಂಬರ್ 2023)

ನಾನು ಥಾಯ್ಲೆಂಡ್ ನಿವಾಸಿಯಲ್ಲ. ನವೆಂಬರ್‌ನಿಂದ ಭಾರತೀಯರಿಗೆ ವೀಸಾ ವಿನಾಯಿತಿ ಸಿಕ್ಕಿರುವುದರಿಂದ ಕುಟುಂಬಸಮೇತ ಏಪ್ರಿಲ್‌ನಲ್ಲಿ ಬರುವ ಯೋಚನೆಯಲ್ಲಿದ್ದೇನೆ. ಸೂರ್ಯ ಮೇಷ ರಾಶಿಗೆ ಪ್ರವೇಶಿಸುವ ಅದೇ ಸಂಕ್ರಮಣ ನಮಗೆ ಬಿಸು ಹಬ್ಬ. ಕಣಿ ಕಂಡು ಹಿರಿಯರ ಕಾಲಿಗೆರಗುವುದು ನಮ್ಮಲ್ಲಿಯೂ ಇದೆ. ಆದ್ದರಿಂದ ಮಕ್ಕಳಿಗೆ ಥಾಯ್ ಮನೆಗಳ ಆಚರಣೆಯನ್ನು ತೋರಿಸುವ ಆಸೆಯಿದೆ. ನೀವೆಲ್ಲ ಬರೆದದ್ದನ್ನು ಓದಿದ ಮೇಲೆ ಬರುವುದೇ ತಪ್ಪೇನೋ ಎಂಬ ಅಳುಕು ಶುರುವಾಗಿದೆ. ಬರಬಹುದೇ? ಬಂದರೆ ಯಾವ ದಿನ, ಎಲ್ಲಿಗೆ?

ಚಿಯಾಂಗ್ ಮಾಯ್ ಅಧ್ಯಾಪಕಿ (15 ಡಿಸೆಂಬರ್ 2023)

ಖಂಡಿತ ಬನ್ನಿ. ಬರುವವರನ್ನು ತಡೆಯುವುದು ನಮ್ಮಲ್ಲಿ ಯಾರ ಉದ್ದೇಶವೂ ಅಲ್ಲ. ಹೊಗೆಯ ಕಾರಣಕ್ಕೆ ಚಿಕ್ಕ ಮಕ್ಕಳಿದ್ದರೆ ಉತ್ತರಕ್ಕೆ ಬರುವ ಮುನ್ನ ಗಾಳಿಯ ಸೂಚ್ಯಂಕ ನೋಡಿಕೊಳ್ಳಿ. ಬಂದರೆ 13ರ ದಿನ ವಾಟ್ ಫ್ರಾ ಸಿಂಗ್‌ನ ಬುದ್ಧ ವಿಗ್ರಹವನ್ನು ನಗರದಲ್ಲಿ ಮೆರವಣಿಗೆ ಮಾಡುತ್ತಾರೆ, ದಾರಿಯ ಎರಡೂ ಬದಿಯಲ್ಲಿ ನಿಂತ ಜನ ಸುಗಂಧದ ನೀರು ಎರೆಯುತ್ತಾರೆ. ಬೆಳಿಗ್ಗೆ ದೇವಾಲಯಗಳಿಗೆ ಹೋಗುವಾಗ ಭುಜ ಮತ್ತು ಮಂಡಿ ಮುಚ್ಚುವ ಬಟ್ಟೆಯಿರಲಿ. ಭಿಕ್ಷುಗಳ ಮೇಲೆ, ವೃದ್ಧರ ಮೇಲೆ, ಹಸುಗೂಸುಗಳ ಮೇಲೆ, ಬೈಕಿನಲ್ಲಿ ಹೋಗುವವರ ಮೇಲೆ ನೀರೆರಚಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಡಿ. ಕಂದಕದ ನೀರು ಕಣ್ಣಿಗೆ ಬೀಳದಂತೆ ಕನ್ನಡಕ ತನ್ನಿ.

ಒಂದು ಸಂಗತಿಯನ್ನು ಎಲ್ಲರ ಗಮನಕ್ಕೆ ತರುತ್ತೇನೆ. ಲಾನ್ನಾ, ಅಂದರೆ ಉತ್ತರ ಥಾಯ್ಲೆಂಡಿನ, ಪದ್ಧತಿಯಲ್ಲಿ ಹಿರಿಯರಿಗೆ ನೀರೆರೆದು ಕ್ಷಮೆ ಕೇಳುವುದು 15ಕ್ಕೆ ನಿಲ್ಲುವುದಿಲ್ಲ. ಮನೆಯ ಹಿರಿಯರಾದ ಮೇಲೆ ಊರಿನ ಹಿರಿಯರು, ಗುರುಗಳು, ಅಧಿಕಾರಿಗಳು ಎಂದು ತಿಂಗಳ ಉಳಿದ ದಿನಗಳಲ್ಲಿಯೂ ತಂಡ ಕಟ್ಟಿಕೊಂಡು ಹೋಗುತ್ತಾರೆ. ನಮ್ಮ ವಿಭಾಗದಲ್ಲಿಯೂ ನಿವೃತ್ತ ಅಧ್ಯಾಪಕರ ಮನೆಗೆ ವಿದ್ಯಾರ್ಥಿಗಳು ಹೋಗುವುದು ರಜೆ ಮುಗಿದ ಮೇಲೆಯೇ. ತಿಂಗಳಿಡೀ ನಡೆಯುವ ಸೋಂಗ್‌ಕ್ರಾನ್ ಬೇಕೆಂದರೆ ಅದು ಇಲ್ಲಿ ಆಗಲೇ ಇದೆ. ಸರ್ಕಾರದ ವಿಸ್ತರಣೆ ಇದರ ಮೇಲೆ ನಿಂತಿದ್ದರೆ ಹೊಗೆಯ ಹೊರತಾಗಿ ನನಗೆ ತಕರಾರೇ ಇರುತ್ತಿರಲಿಲ್ಲ.

ಸಿಲೋಂ ನಿವಾಸಿ (22 ಏಪ್ರಿಲ್ 2024)

ಹಬ್ಬ ಮುಗಿದಿದೆ, ಆದ್ದರಿಂದ ಹಳೆಯ ಚರ್ಚೆಯನ್ನು ಮತ್ತೆ ತೆರೆಯುತ್ತಿದ್ದೇನೆ. ಕೊನೆಗೆ ಸರ್ಕಾರ ಏಪ್ರಿಲ್ 1ರಿಂದ 21ರವರೆಗೆ ಕಾರ್ಯಕ್ರಮಗಳನ್ನು ಇಟ್ಟಿತು. ಬ್ಯಾಂಕಾಕಿನ ಮುಖ್ಯ ಉತ್ಸವ 11ರಿಂದ 15ರವರೆಗೆ ಸನಾಮ್ ಲುವಾಂಗ್ ಮತ್ತು ರಾಚದಮ್ನೋನ್ ರಸ್ತೆಯಲ್ಲಿ ನಡೆಯಿತು. 13 ಮತ್ತು 14 ಶನಿವಾರ, ಭಾನುವಾರವಾದ್ದರಿಂದ ರಜೆ 16ರ ಮಂಗಳವಾರದವರೆಗೆ ಮುಂದುವರಿಯಿತು. ನಮ್ಮ ವಿದೇಶಿ ಸಹೋದ್ಯೋಗಿಗಳು ಹೆದರಿದ ಹಾಗೆ ತಿಂಗಳಿಡೀ ಯಾರೂ ನೀರೆರಚಲಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಸಿಲೋಂ ಎಂದಿನಂತೆಯೇ ಇತ್ತು. ರಥಗಳ ಮೆರವಣಿಗೆಯನ್ನು ನೋಡಿದೆ. ಬೇರೆ ಬೇರೆ ಪ್ರಾಂತ್ಯಗಳ ವೇಷಭೂಷಣ, ವಾದ್ಯಗಳು ಎಲ್ಲ ಅಚ್ಚುಕಟ್ಟಾಗಿದ್ದವು. ಅದನ್ನು ಸಿದ್ಧಪಡಿಸಿದವರ ಶ್ರಮಕ್ಕೆ ಗೌರವ ಸಲ್ಲಬೇಕು.

ರಯೋಂಗ್ ಎಂಜಿನಿಯರ್ (22 ಏಪ್ರಿಲ್ 2024)

ಮೆರವಣಿಗೆ ಚೆನ್ನಾಗಿತ್ತೆಂಬುದನ್ನು ಒಪ್ಪುತ್ತೇನೆ. ಆದರೆ ಈ ಏಳು ದಿನಗಳಲ್ಲಿ 287 ಮಂದಿ ಸತ್ತರು, ಹಿಂದಿನ ವರ್ಷಕ್ಕಿಂತ ಹೆಚ್ಚು. ಹಬ್ಬವನ್ನು ಚಾಚಿದ್ದರಿಂದಲೇ ಹೀಗಾಯಿತೆಂದು ನಾನು ಹೇಳುವುದಿಲ್ಲ, ಪ್ರಯಾಣಿಕರೇ ಹೆಚ್ಚಿದ್ದಿರಬಹುದು. ಆದರೆ ಹಬ್ಬಕ್ಕೆ 3,500 ಕೋಟಿ ಬಾತ್‌ನ ಗುರಿ ಹಾಕಿಕೊಂಡವರು ಸಾವಿನ ಸಂಖ್ಯೆಗೂ ಅಷ್ಟೇ ಸ್ಪಷ್ಟವಾದ ಗುರಿಯನ್ನು ಹಾಕಿಕೊಂಡು ಅದಕ್ಕೆ ಉತ್ತರ ಹೇಳುವಂತಾಗಬೇಕು. ನಮ್ಮ ಕಾರ್ಖಾನೆಯಲ್ಲಿ ಈ ಬಾರಿ ಊರಿಗೆ ಹೋಗುವವರಿಗೆ ಬಸ್ಸು ಗೊತ್ತುಮಾಡಿದೆವು. ಬೈಕಿನಲ್ಲಿ ನೂರಾರು ಕಿಲೋಮೀಟರ್ ಹೋಗುತ್ತಿದ್ದ ಹುಡುಗರಲ್ಲಿ ಅನೇಕರು ಅದನ್ನು ಹತ್ತಿದರು. ಇತರ ಕಾರ್ಖಾನೆಗಳ ಭಾರತೀಯ ವ್ಯವಸ್ಥಾಪಕರು ಇದನ್ನು ಓದುತ್ತಿದ್ದರೆ, ಇದಕ್ಕೆ ತಗಲುವ ಖರ್ಚು ಹೆಚ್ಚೇನೂ ಅಲ್ಲ ಎಂದು ತಿಳಿಸಬಯಸುತ್ತೇನೆ.

ಪಟ್ಟಾಯ ಹೋಟೆಲಿನವರು (23 ಏಪ್ರಿಲ್ 2024)

ವಾನ್ ಲಾಯ್ ಮುಗಿಸಿ ಈಗ ಬರೆಯುತ್ತಿದ್ದೇನೆ. ಡಿಸೆಂಬರ್‌ನಲ್ಲಿ ಈಸಾನ್ ಅಳಿಯ ಮತ್ತು ಲೆಕ್ಕಿಗರು ಬರೆದದ್ದನ್ನು ನನ್ನ ಥಾಯ್ ಪಾಲುದಾರರಿಗೆ ಅನುವಾದಿಸಿ ಹೇಳಿದ್ದೆ. ಅವರ ಸಲಹೆಯಂತೆ ಈ ಬಾರಿ ಕೆಲಸಗಾರರನ್ನು ಎರಡು ತಂಡ ಮಾಡಿದೆವು. ಒಂದು ತಂಡ 12ರಿಂದ ಊರಿಗೆ ಹೋಗಿ ವಾನ್ ಲಾಯ್‌ಗೆ ಮೊದಲು ಹಿಂದಿರುಗಿತು. ಇನ್ನೊಂದು ತಂಡ 20ರಂದು ಹೊರಟು ಈಗ ಊರಿನಲ್ಲಿದೆ. ನೀರೆರೆಯುವ ಆಚರಣೆಯನ್ನು ತಡವಾಗಿ ಮಾಡಿದರೂ ಮನೆಯವರು ಒಪ್ಪುತ್ತಾರೆ ಎಂದು ಉತ್ತರದ ಲಂಪಾಂಗ್ ಕಡೆಯ ನಮ್ಮ ಅಡುಗೆಯಾಕೆ ಹೇಳಿದ ಮೇಲೆಯೇ ಈ ಏರ್ಪಾಡು ಮಾಡಿದ್ದು. ಎರಡನೆಯ ತಂಡಕ್ಕೆ ರಜೆಯ ದಿನಗಳ ಹೆಚ್ಚುವರಿ ಕೂಲಿಯನ್ನೂ ಕೊಟ್ಟೆವು, ಬದಲಿ ರಜೆಯನ್ನೂ ಕೊಟ್ಟೆವು. ಮ್ಯಾನ್ಮಾರಿನ ಕೆಲಸಗಾರರಿಗೂ ಇದೇ ಸಮಯದಲ್ಲಿ ಹೊಸವರ್ಷ, ಆದರೆ ಗಡಿಯಾಚೆಯ ಪರಿಸ್ಥಿತಿಯಿಂದಾಗಿ ಅವರು ಹೋಗಲಿಲ್ಲ.

ವ್ಯಾಪಾರ ಚೆನ್ನಾಗಿಯೇ ಆಯಿತು. ಒಂದು ತಂಡವಿಲ್ಲದೆ ಅಡುಗೆಮನೆ ನಡೆಸುವುದು ಕಷ್ಟವಾಯಿತು, ತಿಂಡಿಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಿದೆವು. ದೋಸೆ ಇಲ್ಲವೆಂದು ಕೆಲವು ಗಿರಾಕಿಗಳು ಹಿಂದಿರುಗಿದರು.

ಈಸಾನ್ ಅಳಿಯ (23 ಏಪ್ರಿಲ್ 2024)

ಪಟ್ಟಾಯದ ಯಜಮಾನರೇ, ನಿಮ್ಮ ಪತ್ರವನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ಹಬ್ಬದ ದಿನಗಳ ಕೂಲಿ ಮತ್ತು ಬದಲಿ ರಜೆ ಎರಡನ್ನೂ ಕೊಡುವುದು ಅಪರೂಪ ಎಂದು ಅವಳು ಹೇಳಿದಳು. ಅವಳ ಚಿಕ್ಕಪ್ಪನ ಮಗಳು ಫುಕೆಟ್‌ನ ಒಂದು ದೊಡ್ಡ ಹೋಟೆಲಿನಲ್ಲಿದ್ದಾಳೆ. ಏಪ್ರಿಲ್ ಮುಗಿಯುವವರೆಗೆ ಅವಳಿಗೆ ರಜೆಯನ್ನೇ ಕೊಡಲಾಗುವುದಿಲ್ಲವೆಂದು ಹೇಳಿದ್ದರಂತೆ. ಮುಂದಿನ ವರ್ಷವೂ ಹೀಗೆಯೇ ಚಾಚುವುದಾದರೆ ಸರ್ಕಾರ ಒಂದು ನಿಯಮ ಮಾಡಬೇಕೆಂಬುದು ನನ್ನ ಒತ್ತಾಯ: ಹಬ್ಬದ ಹೆಸರಿನಲ್ಲಿ ಪ್ರಚಾರ ಪಡೆಯುವ ಪ್ರತಿ ಹೋಟೆಲೂ ಕಾರ್ಯಕ್ರಮದ ಆ ಮೂರು ವಾರಗಳೊಳಗೆ ತನ್ನ ಪ್ರತಿ ಕೆಲಸಗಾರನಿಗೂ ಸತತ ಐದು ದಿನಗಳ ಸಂಬಳಸಹಿತ ರಜೆ ಕೊಡಬೇಕು. ನಾವು ವಿದೇಶಿಯರು ಇಲ್ಲಿ ಮತ ಹಾಕುವವರಲ್ಲ. ಆದರೆ ನಮ್ಮಲ್ಲಿ ಮಾಲೀಕರಿದ್ದೇವೆ, ವ್ಯವಸ್ಥಾಪಕರಿದ್ದೇವೆ. ಲೆಕ್ಕಿಗರೇ, ಪಟ್ಟಾಯದವರು ಮಾಡಿದ ಎರಡು ತಂಡಗಳ ಏರ್ಪಾಡನ್ನು ಸಣ್ಣ ಹೋಟೆಲುಗಳಿಗೆ ಹೊಂದುವಂತೆ ಸಂಬಳದ ಲೆಕ್ಕದೊಂದಿಗೆ ಒಂದು ಮಾದರಿಯಾಗಿ ಬರೆದುಕೊಡಲು ಸಾಧ್ಯವೇ? ಥಾಯ್ ಭಾಷೆಗೆ ನನ್ನ ಹೆಂಡತಿ ಅನುವಾದಿಸುತ್ತಾಳೆ.

ಬ್ಯಾಂಕಾಕ್ ಲೆಕ್ಕಿಗ (24 ಏಪ್ರಿಲ್ 2024)

ಖಂಡಿತ ಬರೆಯುತ್ತೇನೆ. ಹತ್ತು ಮಂದಿ ಕೆಲಸಗಾರರಿರುವ ಒಂದು ಉಪಾಹಾರಗೃಹವನ್ನು ಆಧಾರವಾಗಿಟ್ಟುಕೊಂಡು, ತಿಂಗಳ ಸಂಬಳದವರಿಗೂ ದಿನಗೂಲಿಯವರಿಗೂ ಪ್ರತ್ಯೇಕ ಲೆಕ್ಕ ಹಾಕುತ್ತೇನೆ. ಮುಂದಿನ ವರ್ಷದ ರಜೆಗಳ ಪಟ್ಟಿಯನ್ನು ಮಾಲೀಕರು ಮುಂಚಿತವಾಗಿ ಪ್ರಕಟಿಸಬೇಕಾಗಿರುವುದರಿಂದ ಇದು ನವೆಂಬರ್ ಒಳಗೆ ಎಲ್ಲರ ಕೈಸೇರಬೇಕು. ಪಟ್ಟಾಯದವರು ಎರಡೂ ತಂಡಗಳ ಪಾಳಿಯ ವಿವರವನ್ನು, ಹೆಸರುಗಳನ್ನು ತೆಗೆದು, ನನಗೆ ಕಳುಹಿಸಿಕೊಡಲಿ.